ಲಿನಕ್ಸ್ ವೆಬ್ ಸರ್ವರ್: ಸ್ಥಾಪನೆ ಮತ್ತು ಕಾವಲು

ವೆಬ್ ಸರ್ವರ್ ಎಂದರೆ ಬ್ರೌಸರು ಕೇಳಿದ ಪುಟವನ್ನು ಹುಡುಕಿ ಕೊಡುವ ತಂತ್ರಾಂಶ. ಆ ತಂತ್ರಾಂಶ ಓಡುವ ಯಂತ್ರಕ್ಕೂ ಅದೇ ಹೆಸರು ಬಿದ್ದಿದೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮೈಸೂರು ರಸ್ತೆಗೆ ಒತ್ತಿಕೊಂಡ ದೀಪಾಂಜಲಿ ನಗರದಂಥ ಬಡಾವಣೆಯಲ್ಲಿ ‘ಸೈಟು’ ಎಂಬ ಮಾತಿಗೆ ಈಗ ಎರಡು ಅರ್ಥ. ಒಂದು ಮೂವತ್ತು ನಲವತ್ತರ ನೆಲ, ಇನ್ನೊಂದು ಅಂಗಡಿ, ವರ್ಕ್‌ಶಾಪು, ಟ್ಯೂಷನ್ ಮನೆಗಳ ಬೋರ್ಡಿನ ಕೆಳಗೆ ಬರೆದಿರುವ ವೆಬ್‌ಸೈಟು. ಎರಡರ ಕಷ್ಟವೂ ಒಂದೇ ಜಾತಿಯದು. ಕೊಂಡು ಸುಮ್ಮನೆ ಬಿಟ್ಟ ನೆಲಕ್ಕೆ ಮೊದಲು ಅಕ್ಕಪಕ್ಕದವರ ಕಸ ಬೀಳುತ್ತದೆ, ಆಮೇಲೆ ಗುರುತಿಲ್ಲದ ಗಾಡಿಗಳು ನಿಲ್ಲುತ್ತವೆ, ಕೊನೆಗೊಂದು ದಿನ ಬೇರೆ ಯಾರದೋ ಹೆಸರಿನ ಬೋರ್ಡು ಎದ್ದು ನಿಂತಿರುತ್ತದೆ. ಒಮ್ಮೆ ಸ್ಥಾಪಿಸಿ ಮರೆತ ಸರ್ವರಿನ ಕಥೆಯೂ ಹೀಗೇ ಸಾಗುತ್ತದೆ. ಹಾಗಾಗಿ ಲಿನಕ್ಸ್ ಸರ್ವರಿನ ಭದ್ರತೆಯನ್ನು ಹಾಕಿಕೊಳ್ಳುವ ಬೀಗವೆಂದು ನೋಡುವುದಕ್ಕಿಂತ, ನಿತ್ಯ ನಡೆಯಬೇಕಾದ ಉಸ್ತುವಾರಿಯೆಂದು ನೋಡುವುದು ಸರಿ. ಈವರೆಗಿನ ದೊಡ್ಡ ಪ್ರಕರಣಗಳು ಹೇಳುವುದೂ ಅದನ್ನೇ.

ಇತಿಹಾಸವನ್ನು ಚುಟುಕಾಗಿ ಹೇಳಬಹುದು. ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲನ್ನು ಹೊರಬಿಟ್ಟದ್ದು 1991ರಲ್ಲಿ. ಅಪಾಚೆ ಎಂಬ ವೆಬ್ ಸರ್ವರ್ ಬಂದದ್ದು 1995ರಲ್ಲಿ. ಅದೇ ವರ್ಷದ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಏಕಕಾಲಕ್ಕೆ ಸಾವಿರಾರು ಸಂಪರ್ಕಗಳನ್ನು ಕಡಿಮೆ ಮೆಮೊರಿಯಲ್ಲಿ ತೂಗಿಸುವ ಎಂಜಿನ್‌ಎಕ್ಸ್ ಅನ್ನು ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದರು. ಬೆಂಗಳೂರಿನಲ್ಲಿ 2001ರಲ್ಲಿ ಶುರುವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ನಡೆದು, ಸರ್ವರ್ ಕಟ್ಟುವ ಕೈಗಳನ್ನು ಈ ಊರಿಗೆ ಒದಗಿಸಿತು. ವಚನಗಳನ್ನು ಪದ ಹಿಡಿದು ಹುಡುಕಲು ಬರುವ ‘ವಚನ ಸಂಚಯ’ದಂಥ ಜಾಲತಾಣಗಳು ಕನ್ನಡಕ್ಕೆ ದಕ್ಕಿದ್ದು ಮುಕ್ತ ತಂತ್ರಾಂಶದ ಬಲದಿಂದ, ಸ್ವಯಂಸೇವಕರ ದುಡಿಮೆಯಿಂದ. ಕಟ್ಟುವ ಉತ್ಸಾಹಕ್ಕೆ ನಮ್ಮಲ್ಲಿ ಬರ ಬಂದದ್ದಿಲ್ಲ. ಬರ ಇರುವುದು ಕಟ್ಟಿದ್ದನ್ನು ಹತ್ತು ವರ್ಷ ನೋಡಿಕೊಳ್ಳುವ ತಾಳ್ಮೆಗೆ.

ಸರ್ವರನ್ನು ಎಲ್ಲಿ ಇಡಬೇಕು ಎಂಬುದು ಮೊದಲ ತೀರ್ಮಾನ. ಮನೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದರಿಂದಲೇ ಜಾಲತಾಣ ನಡೆಸುವುದು ಕಲಿಯುವವರಿಗೆ ಒಳ್ಳೆಯ ಪಾಠ, ವ್ಯವಹಾರಕ್ಕೆ ಒಳ್ಳೆಯ ದಾರಿಯೇನಲ್ಲ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ನೂರಾರು ಗ್ರಾಹಕರು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಕೂತಿರುವುದು ಸಾಮಾನ್ಯ. ಹೊರಗಿನವರು ನೇರವಾಗಿ ನಿಮ್ಮ ಯಂತ್ರಕ್ಕೆ ಬರಲಾರರು. ಸ್ಥಿರ ವಿಳಾಸ ಬೇಕೆಂದರೆ ಬೇರೆ ದುಡ್ಡು, ಕರೆಂಟು ಹೋದರೆ ಯುಪಿಎಸ್ಸಿನ ಗಡುವು. ಹಾಗಾಗಿ ಹೆಚ್ಚಿನವರು ಬಾಡಿಗೆಯ ವರ್ಚುವಲ್ ಯಂತ್ರಕ್ಕೆ, ಅಂದರೆ ವಿಪಿಎಸ್‌ಗೆ ಹೋಗುತ್ತಾರೆ. ಅಮೆಜಾನ್ ತನ್ನ ಮುಂಬೈ ಕೇಂದ್ರವನ್ನು 2016ರಲ್ಲಿ ತೆರೆಯಿತು. ಡಿಜಿಟಲ್‌ಓಷನ್ ಬೆಂಗಳೂರಿನಲ್ಲೇ ಡೇಟಾ ಕೇಂದ್ರ ಶುರುಮಾಡಿದ್ದೂ ಅದೇ ವರ್ಷ. ಈಗ ದೀಪಾಂಜಲಿ ನಗರದ ಅಂಗಡಿಯೊಂದರ ಜಾಲತಾಣ ಇದೇ ಊರಿನ ಯಂತ್ರದಲ್ಲಿ ಕೂರಬಹುದು. ಬಾಡಿಗೆಗೆ ಬರುವುದು ಯಂತ್ರ, ಅದರ ಕರೆಂಟು ಮತ್ತು ತಂತಿ ಮಾತ್ರ ಎಂಬುದು ಬಹಳ ಜನರ ಲಕ್ಷ್ಯಕ್ಕೆ ಬರುವುದಿಲ್ಲ. ಒಳಗಿನ ಆಪರೇಟಿಂಗ್ ಸಿಸ್ಟಮ್, ಪಾಸ್‌ವರ್ಡು, ಅಪ್‌ಡೇಟು ಎಲ್ಲವೂ ಬಾಡಿಗೆದಾರನ ತಲೆಯ ಮೇಲೆ. ‘ಕ್ಲೌಡಿನವರೇ ನೋಡಿಕೊಳ್ಳುತ್ತಾರೆ’ ಎಂಬ ನಂಬಿಕೆ ಕರಾರುಪತ್ರವನ್ನು ಓದದವರ ನಂಬಿಕೆ.

ಸ್ಥಾಪನೆ ಎಂಬುದು ನಿಜಕ್ಕೂ ಅರ್ಧ ಗಂಟೆಯ ಕೆಲಸ. ಉಬುಂಟು ಎಲ್‌ಟಿಎಸ್ ಅಥವಾ ಡೆಬಿಯನ್ ಆಯ್ದು, ಪ್ಯಾಕೇಜ್ ಪಟ್ಟಿಯನ್ನು ಹೊಸದಾಗಿಸಿ, ಎಂಜಿನ್‌ಎಕ್ಸ್ ಅಥವಾ ಅಪಾಚೆ ಹಾಕಿ, ಡೊಮೇನ್ ಹೆಸರಿನ ಎ ದಾಖಲೆಯನ್ನು ಯಂತ್ರದ ಐಪಿಗೆ ತಿರುಗಿಸಿದರೆ ಸ್ವಾಗತದ ಪುಟ ಕಾಣಿಸುತ್ತದೆ. ಗಮನವಿಟ್ಟು ನೋಡಬೇಕಾದ ಜಾಗ ಫೈಲುಗಳ ಒಡೆತನದ್ದು. ಲಿನಕ್ಸಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯುವುದಕ್ಕೆ ಸಾಮಾನ್ಯವಾಗಿ ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲಿನ ಪರಮಾಧಿಕಾರ ಬೇಕು. ಹಾಗಾಗಿ ಎಂಜಿನ್‌ಎಕ್ಸ್‌ನ ಯಜಮಾನ ಪ್ರಕ್ರಿಯೆ ರೂಟ್ ಆಗಿ ಶುರುವಾಗಿ 80 ಮತ್ತು 443ನೇ ಪೋರ್ಟುಗಳನ್ನು ಹಿಡಿದುಕೊಳ್ಳುತ್ತದೆ. ಬಂದವರಿಗೆ ಪುಟ ಬಡಿಸುವ ಆಳು ಪ್ರಕ್ರಿಯೆಗಳು ಡೆಬಿಯನ್ ಸಂತತಿಯಲ್ಲಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬಡ ಬಳಕೆದಾರನ ಹೆಸರಿನಲ್ಲಿ ಓಡುತ್ತವೆ. ಈ ಬಡವನಿಗೆ ಓದುವ ಹಕ್ಕು ಸಾಕು, ಬರೆಯುವ ಹಕ್ಕು ಬೇಡ. ಆದರೆ ನಡೆಯುವುದೇನು? ಚಿತ್ರ ಅಪ್‌ಲೋಡ್ ಆಗುತ್ತಿಲ್ಲವೆಂದು ಗಿರಾಕಿ ಫೋನು ಮಾಡುತ್ತಾನೆ, ಡೆವಲಪರ್ ಅವಸರದಲ್ಲಿ ಇಡೀ ಫೋಲ್ಡರಿಗೆ 777 ಅನುಮತಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಆ ಮೂರು ಏಳುಗಳ ಅರ್ಥ: ಒಡೆಯ, ಗುಂಪು, ದಾರಿಹೋಕ ಮೂವರೂ ಓದಬಹುದು, ಬರೆಯಬಹುದು, ಓಡಿಸಬಹುದು. ಆಮೇಲೆ ಚಿತ್ರದ ಬದಲು ಪಿಎಚ್‌ಪಿ ಫೈಲೊಂದನ್ನು ಅಪ್‌ಲೋಡ್ ಮಾಡಿ ಅದನ್ನೇ ಓಡಿಸಿದವನು ಸರ್ವರಿನ ಒಳಗೆ ಕಾಲಿಟ್ಟಂತೆ. ಸರಿಯಾದ ಕ್ರಮವೂ ದೊಡ್ಡ ವಿದ್ಯೆಯೇನಲ್ಲ. ಅಪ್‌ಲೋಡಿನ ಒಂದೇ ಫೋಲ್ಡರಿಗೆ ಬರೆಯುವ ಹಕ್ಕು ಕೊಟ್ಟು, ಅದರೊಳಗೆ ಪಿಎಚ್‌ಪಿ ಓಡದಂತೆ ಸಂರಚನೆಯಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು.

‘ನಮ್ಮದು ಸಣ್ಣ ಸೈಟು, ನಮ್ಮ ಮೇಲೆ ಯಾರು ಕಣ್ಣು ಹಾಕುತ್ತಾರೆ’ ಎಂಬುದು ಈ ವಿಷಯದಲ್ಲಿ ಅತಿ ಹೆಚ್ಚು ಕೇಳಿಬರುವ ಆಕ್ಷೇಪ. ಹೊಸ ವಿಪಿಎಸ್ಸಿನ ಲಾಗ್ ಫೈಲು ತೆರೆದು ನೋಡಿದರೆ ಉತ್ತರ ಅಲ್ಲೇ ಇದೆ. ಜಾಲತಾಣದ ಹೆಸರು ಇನ್ನೂ ಯಾರಿಗೂ ಹೇಳಿರುವುದಿಲ್ಲ. ಆದರೂ ಐಪಿ ವಿಳಾಸ ಸಿಕ್ಕಿ ಹೆಚ್ಚು ಹೊತ್ತಾಗುವ ಮೊದಲೇ ಲಾಗಿನ್ ಲಾಗಿನಲ್ಲಿ ಸಾಲುಗಳು ಬೀಳತೊಡಗುತ್ತವೆ. ರೂಟ್, ಅಡ್ಮಿನ್, ಟೆಸ್ಟ್, ಉಬುಂಟು, ಒರಾಕಲ್, ಪೋಸ್ಟ್‌ಗ್ರೆಸ್ ಎಂದು ಒಂದೊಂದೇ ಹೆಸರು ಹಿಡಿದು, ದೂರದ ದೇಶಗಳ ಐಪಿಗಳಿಂದ ಪಾಸ್‌ವರ್ಡ್ ಊಹಿಸುವ ಆಟ ನಡೆದಿರುತ್ತದೆ. ವೆಬ್ ಲಾಗಿನಲ್ಲಿ ಇನ್ನೊಂದು ತಮಾಷೆ. ವರ್ಡ್‌ಪ್ರೆಸ್ಸೇ ಇಲ್ಲದ ಯಂತ್ರದಲ್ಲಿ ವರ್ಡ್‌ಪ್ರೆಸ್‌ನ ಲಾಗಿನ್ ಪುಟಕ್ಕೆ ಬೇಡಿಕೆ, ಪಿಎಚ್‌ಪಿಮೈಅಡ್ಮಿನ್‌ಗೆ ಬೇಡಿಕೆ, ಡೇಟಾಬೇಸಿನ ಪಾಸ್‌ವರ್ಡನ್ನು ಮರೆವಿನಿಂದ ಬಿಟ್ಟಿರಬಹುದಾದ ‘ಡಾಟ್ ಇಎನ್‌ವಿ’ ಫೈಲಿಗೆ ಬೇಡಿಕೆ. ಇವರು ನಿಮ್ಮನ್ನು ಹುಡುಕಿಕೊಂಡು ಬಂದ ಶತ್ರುಗಳಲ್ಲ. ಬೀದಿಯ ಪ್ರತಿ ಮನೆಯ ಚಿಲಕವನ್ನೂ ಒಮ್ಮೆ ಅಲ್ಲಾಡಿಸಿ ಹೋಗುವ ಯಂತ್ರಗಳು. ಒಡೆಯ ಯಾರೆಂಬ ಕುತೂಹಲ ಅವಕ್ಕಿಲ್ಲ. ಒಳಗೆ ಹೊಕ್ಕರೆ ಆ ಸರ್ವರಿನಿಂದ ಸ್ಪ್ಯಾಮ್ ಕಳಿಸುವುದು, ಕ್ರಿಪ್ಟೊ ಗಣಿ ಓಡಿಸುವುದು, ಮತ್ತೊಬ್ಬರ ಮೇಲೆ ದಾಳಿಗೆ ಬಳಸುವುದು ನಡೆಯುತ್ತದೆ. ಸೈಟು ಸಣ್ಣದೆಂಬುದು ಇಲ್ಲಿ ರಕ್ಷಣೆಯಾಗುವುದಿಲ್ಲ.

ಹಾಗಾದರೆ ಮೊದಲ ದಿನದ ಕೆಲಸ ಬಾಗಿಲುಗಳನ್ನು ಎಣಿಸುವುದು. ವೆಬ್ ಸರ್ವರಿಗೆ ಹೊರಗಿನಿಂದ ಬೇಕಾದ ಪೋರ್ಟುಗಳು ಮೂರೇ: ಎಚ್‌ಟಿಟಿಪಿಗೆ 80, ಎಚ್‌ಟಿಟಿಪಿಎಸ್‌ಗೆ 443, ಒಡೆಯ ದೂರದಿಂದ ಒಳಬರುವ ಎಸ್‌ಎಸ್‌ಎಚ್‌ಗೆ 22. ಡೇಟಾಬೇಸು ಅದೇ ಯಂತ್ರದೊಳಗಿನ 127.0.0.1 ವಿಳಾಸಕ್ಕೆ ಮಾತ್ರ ಕಿವಿಗೊಟ್ಟರೆ ಸಾಕು. ಉಳಿದದ್ದನ್ನೆಲ್ಲ ಯುಎಫ್‌ಡಬ್ಲ್ಯು ಅಥವಾ ಎನ್‌ಎಫ್‌ಟೇಬಲ್ಸ್ ಫೈರ್‌ವಾಲಿನಿಂದ ಮುಚ್ಚಬೇಕು. ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ತೆಗೆದು ಕೀ ಜೋಡಿಯನ್ನು ಬಳಸಿದರೆ, ಮೇಲೆ ಹೇಳಿದ ಊಹೆಯಾಟ ಪೂರ್ತಿ ವ್ಯರ್ಥವಾಗುತ್ತದೆ. ರೂಟ್ ಆಗಿ ನೇರ ಪ್ರವೇಶವನ್ನು ನಿಲ್ಲಿಸಿ, ಪ್ರತಿಯೊಬ್ಬರಿಗೂ ಅವರದೇ ಖಾತೆ ಕೊಟ್ಟು ಸುಡೊ ಮೂಲಕ ಅಧಿಕಾರ ಕೊಡುವುದರ ಲಾಭ ಬೇರೆಯೇ ಇದೆ: ಯಾರು ಯಾವಾಗ ಏನು ಮಾಡಿದರೆಂದು ಲಾಗಿನಲ್ಲಿ ಉಳಿಯುತ್ತದೆ, ಕೆಲಸ ಬಿಟ್ಟು ಹೋದವರ ಖಾತೆಯನ್ನು ಒಂದೇ ಆಜ್ಞೆಯಲ್ಲಿ ಮುಚ್ಚಬಹುದು. ಪೋರ್ಟ್ 22ನ್ನು ಬೇರೆ ಸಂಖ್ಯೆಗೆ ಬದಲಿಸುವ ಉಪಾಯವನ್ನು ಬಹಳ ಮಂದಿ ಭದ್ರತೆಯೆಂದು ತಿಳಿದಿದ್ದಾರೆ. ಅದರಿಂದ ಲಾಗಿನ ಗದ್ದಲ ಕಡಿಮೆಯಾಗುತ್ತದೆಯೇ ಹೊರತು ಹುಡುಕಿಕೊಂಡು ಬರುವವನಿಗೆ ಅಡ್ಡಿಯಾಗುವುದಿಲ್ಲ. ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಡುವ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ಉಪಯುಕ್ತ, ಆದರೆ ಕೀ ಇಲ್ಲದ ಕಡೆ ಅದೊಂದನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ.

ಲಿನಕ್ಸಿಗೆ ಹುಟ್ಟಿನಿಂದಲೇ ರಕ್ಷೆಯಿದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಬಳಕೆದಾರರ ನಡುವಿನ ಗೋಡೆ, ತೆರೆದ ಮೂಲಸಂಕೇತ, ಎಸ್‌ಇಲಿನಕ್ಸ್ ಮತ್ತು ಆಪ್‌ಆರ್ಮರಿನಂಥ ಕಡಿವಾಣಗಳು ನಿಜವಾದ ಬಲಗಳೇ. ಆದರೂ 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಹೊರಬಿದ್ದು, ಸರ್ವರಿನ ಮೆಮೊರಿಯ ತುಣುಕುಗಳನ್ನು ಹೊರಗಿನವರು ಓದಬಹುದಿತ್ತೆಂದು ತಿಳಿಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬ್ಯಾಷ್ ಶೆಲ್ಲಿನ ‘ಶೆಲ್‌ಶಾಕ್’. 2024ರ ಮಾರ್ಚ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗಿ ನಂಬಿಕೆ ಗಳಿಸಿದ, ಜಿಯಾ ಟಾನ್ ಎಂಬ ಹೆಸರಿನ ಹಿಂದಿದ್ದ ಯಾರೋ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಕಳ್ಳಬಾಗಿಲು ಕೂರಿಸಿದ್ದರು. ಅದು ಎಸ್‌ಎಸ್‌ಎಚ್ ಸರ್ವರಿಗೇ ಹಾಕಿದ ಗುರಿ. ಡೆಬಿಯನ್‌ನ ‘ಅಸ್ಥಿರ’ ಆವೃತ್ತಿಯಲ್ಲಿ ಲಾಗಿನ್ನು ಸುಮಾರು ಅರ್ಧ ಸೆಕೆಂಡು ನಿಧಾನವಾದುದನ್ನು ಆಂಡ್ರೆಸ್ ಫ್ರಾಯ್ಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್ ಗಮನಿಸಿ ಬೆನ್ನು ಹತ್ತದಿದ್ದರೆ, ಅದು ಜಗತ್ತಿನ ಅಸಂಖ್ಯ ಸರ್ವರುಗಳಿಗೆ ಇಳಿಯಬಹುದಿತ್ತು. ಲಿನಕ್ಸನ್ನು ಕಾಪಾಡಿದ್ದು ಅದರ ಮೂಲಗುಣಕ್ಕಿಂತ ಹೆಚ್ಚಾಗಿ ಒಬ್ಬ ಮನುಷ್ಯ ಅರ್ಧ ಸೆಕೆಂಡಿಗೆ ಬೆಲೆ ಕೊಟ್ಟದ್ದು. ಮೂಲಸಂಕೇತ ತೆರೆದಿದ್ದರಿಂದ ಅವನಿಗೆ ಹುಡುಕಲು ಸಾಧ್ಯವಾಯಿತು ಎಂಬುದನ್ನೂ ಸೇರಿಸಿಯೇ ಹೇಳಬೇಕು.

ದೋಷ ಹೊರಬಿದ್ದ ಮೇಲೆ ತೇಪೆ ಬರುತ್ತದೆ. ತೇಪೆ ಹಾಕದೆ ಬಿಟ್ಟವರ ಪಾಡಿಗೆ ಅಮೆರಿಕದ ಸಾಲವರದಿ ಕಂಪನಿ ಇಕ್ವಿಫ್ಯಾಕ್ಸಿನ 2017ರ ಪ್ರಕರಣ ಸಾಕ್ಷಿ. ಅದು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ವೆಬ್ ಚೌಕಟ್ಟಿನ ತೇಪೆ ಮಾರ್ಚ್‌ನಲ್ಲೇ ಬಂದಿತ್ತು, ದಾಳಿಕೋರರು ಆ ಕಂಪನಿಯ ಮಾಹಿತಿಗೆ ಕೈಹಾಕಿದ್ದು ಮೇ ತಿಂಗಳಲ್ಲಿ, ಪತ್ತೆಯಾದದ್ದು ಜುಲೈ ಕೊನೆಗೆ. ಸುಮಾರು 14.7 ಕೋಟಿ ಜನರ ವಿವರ ಹೋಯಿತು. ಜಾಲದ ಸಂಚಾರವನ್ನು ತಪಾಸಣೆ ಮಾಡುವ ಉಪಕರಣ ಅವರಲ್ಲಿ ಇತ್ತು. ಅದರ ಪ್ರಮಾಣಪತ್ರದ ಅವಧಿ ಮುಗಿದು ಬಹುಕಾಲವಾದರೂ ಯಾರೂ ನೋಡಿರಲಿಲ್ಲ, ಹಾಗಾಗಿ ಉಪಕರಣ ಕುರುಡಾಗಿತ್ತು. ದುಬಾರಿ ಬೀಗವಿದ್ದೂ ಕಾವಲಿಲ್ಲದ ಮನೆಯ ಲಕ್ಷಣವಿದು. ನಮ್ಮ ಹತ್ತಿರದ ಉದಾಹರಣೆ ಬೇಕಿದ್ದರೆ ಸೆಂಟ್‌ಒಎಸ್ 7 ಎಂಬ ಲಿನಕ್ಸನ್ನು ನೋಡಬಹುದು. ಇಲ್ಲಿನ ಹೋಸ್ಟಿಂಗ್ ಕಂಪನಿ, ಕಾಲೇಜುಗಳಿಗೆ ಒಂದು ಕಾಲಕ್ಕೆ ಅಚ್ಚುಮೆಚ್ಚಾಗಿದ್ದ ಈ ಆವೃತ್ತಿಗೆ 2024ರ ಜೂನ್ 30ರ ನಂತರ ಉಚಿತ ತೇಪೆ ನಿಂತುಹೋಯಿತು. ಅದರ ಮೇಲೆ ಈಗಲೂ ಸೈಟು ಓಡಿಸುವವರು, ದಿನ ಕಳೆದಂತೆ ಬಿರುಕು ಹೆಚ್ಚುವ ಗೋಡೆಗೆ ಒರಗಿ ಕೂತಿದ್ದಾರೆ.

ತನ್ನಷ್ಟಕ್ಕೆ ಅಪ್‌ಡೇಟ್ ಆಗಲು ಬಿಟ್ಟರೆ ಓಡುತ್ತಿರುವ ಸೈಟು ಮುರಿಯುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಪಿಎಚ್‌ಪಿಯ ಆವೃತ್ತಿ ಬದಲಾಗಿ ಹಳೆಯ ಪ್ಲಗಿನ್ ನಿಂತುಹೋದ ನೋವು ಅನೇಕರಿಗೆ ಗೊತ್ತು. ಆದರೆ ಭದ್ರತೆಯ ತೇಪೆ ಬೇರೆ, ಆವೃತ್ತಿಯ ಬದಲಾವಣೆ ಬೇರೆ. ಉಬುಂಟು ಎಲ್‌ಟಿಎಸ್ ಐದು ವರ್ಷ ಅದೇ ಆವೃತ್ತಿಗೆ ದೋಷ ಮಾತ್ರ ಸರಿಪಡಿಸುತ್ತ ಬರುತ್ತದೆ, ಸರ್ವರ್ ಆವೃತ್ತಿಯಲ್ಲಿ ಭದ್ರತೆಯ ತೇಪೆಗಳು ತಾವಾಗಿ ಬೀಳುವ ವ್ಯವಸ್ಥೆ ಮೊದಲಿನಿಂದಲೇ ಚಾಲೂ ಇರುತ್ತದೆ. ಅದನ್ನು ನಿಲ್ಲಿಸದೆ ಬಿಡುವುದು, ದೊಡ್ಡ ಬದಲಾವಣೆಯನ್ನು ಮೊದಲು ನಕಲು ಯಂತ್ರದಲ್ಲಿ ಪರೀಕ್ಷಿಸುವುದು, ಕರ್ನೆಲ್ ಬದಲಾದಾಗ ಜನಸಂಚಾರ ಕಡಿಮೆಯಿರುವ ಹೊತ್ತು ನೋಡಿ ರೀಬೂಟ್ ಮಾಡುವುದು, ಇಷ್ಟು ಸಾಕು. ಮೈಸೂರು ರಸ್ತೆಯ ಬಸ್ಸುಗಳು ಹಗಲೆಲ್ಲ ಓಡಿ ರಾತ್ರಿ ಡಿಪೊಗೆ ಬಂದಾಗ ಟೈರು, ಬ್ರೇಕು, ಆಯಿಲ್ ನೋಡುವವರಿರುತ್ತಾರೆ. ಬಸ್ಸು ಓಡುತ್ತಿದೆಯಲ್ಲ, ಮುಟ್ಟುವುದು ಬೇಡ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಸರ್ವರ್ ಕೊಳ್ಳುವವರು ಬಸ್ಸು ಕೊಂಡು ಡಿಪೊ ಮರೆಯುತ್ತಾರೆ.

ಎಲ್ಲ ದಾಳಿಯೂ ಬಾಗಿಲು ಮುರಿದೇ ಬರುವುದಿಲ್ಲ. ಆಸ್ತಿ ನೋಂದಣಿಯ ಕಾವೇರಿ 2.0 ಜಾಲತಾಣ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ನಿಂತು ನಿಂತು ನಡೆದದ್ದು ನೆನಪಿರಬಹುದು. ರಾಜಾಜಿನಗರವಿರಲಿ ಕೆಂಗೇರಿಯಿರಲಿ, ಉಪನೋಂದಣಿ ಕಚೇರಿಗೆ ಹೋದವರು ‘ಸರ್ವರ್ ಡೌನ್’ ಎಂಬ ಉತ್ತರ ಕೇಳಿ ಮರಳಿದರು. ಆಮೇಲೆ ಹೊರಬಂದ ವಿವರದ ಪ್ರಕಾರ ಒಂದು ಸಂದರ್ಭದಲ್ಲಿ 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳಿಂದ ಎರಡು ಗಂಟೆಯಲ್ಲಿ 6.2 ಲಕ್ಷ ದುರುದ್ದೇಶದ ವಿನಂತಿಗಳು ಬಂದಿದ್ದವು. ಇಸಿ, ಅಂದರೆ ಋಣಭಾರ ಪ್ರಮಾಣಪತ್ರದ ಹುಡುಕಾಟವನ್ನೇ ಆಯುಧ ಮಾಡಿಕೊಳ್ಳಲಾಗಿತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 86 ವಿನಂತಿ. ಸ್ಥಿರ ಪುಟ ಕೊಡುವ ಎಂಜಿನ್‌ಎಕ್ಸ್‌ಗೆ ಇದು ಲೆಕ್ಕಕ್ಕಿಲ್ಲ. ಪ್ರತಿ ಬಾರಿಯೂ ಡೇಟಾಬೇಸು ಕೆದಕಬೇಕಾದ ಹುಡುಕಾಟಕ್ಕೆ ಉಸಿರುಗಟ್ಟಿಸುವಷ್ಟು. ಯಾವ ಪುಟ ದುಬಾರಿ ಎಂದು ಮೊದಲೇ ತಿಳಿದು, ಒಂದು ಐಪಿ ಅಥವಾ ಖಾತೆ ನಿಮಿಷಕ್ಕೆ ಎಷ್ಟು ಬಾರಿ ಕೇಳಬಹುದೆಂಬ ಮಿತಿಯನ್ನು ಅಲ್ಲಿಗೆ ಹಾಕುವುದು ಇಂಥದ್ದಕ್ಕೆ ಮದ್ದು; ಎಂಜಿನ್‌ಎಕ್ಸ್‌ನಲ್ಲಿ ಅದು ಎರಡು ಸಾಲಿನ ಸಂರಚನೆ. ದುಡ್ಡು ಕೈಬದಲಾಯಿಸಿದ ಪ್ರಕರಣವೂ ರಾಜ್ಯದಲ್ಲಿ ಆಗಿದೆ. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದ ಗುತ್ತಿಗೆದಾರರಿಗೆ ಮರಳಬೇಕಿದ್ದ ಇಎಂಡಿ, ಅಂದರೆ ಟೆಂಡರಿನ ಮುಂಗಡ ಠೇವಣಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ಬೇರೆ ಖಾತೆಗಳ ಪಾಲಾಗಿ, ತನಿಖೆ ಸಿಐಡಿಗೆ ಹೋಯಿತು. ಇಂಥ ಹೊತ್ತಿನಲ್ಲಿ ಲಾಗೇ ಸಾಕ್ಷಿ. ಅದು ಅದೇ ಯಂತ್ರದಲ್ಲಿದ್ದರೆ ಒಳಹೊಕ್ಕವನು ಅದನ್ನು ಅಳಿಸಿಬಿಡುತ್ತಾನೆ. ಆದ್ದರಿಂದ ಲಾಗು ಬೇರೊಂದು ಯಂತ್ರಕ್ಕೂ ಹೋಗುತ್ತಿರಬೇಕು. ಬ್ಯಾಕಪ್ಪಿಗೂ ಇದೇ ಮಾತು, ಜೊತೆಗೆ ಆಗಾಗ ಅದನ್ನು ತೆರೆದು ಜೋಡಿಸಿ ನೋಡಿರಬೇಕು.

ಲಾಗು ಕಾಯುವುದು ಈಗ ಬರೀ ಸಲಹೆಯಾಗಿ ಉಳಿದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಪಟ್ಟಿಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು, ಯಂತ್ರದ ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯಕ್ಕೆ ಹೊಂದಿಸಿರಬೇಕು. ಆರು ಗಂಟೆ ಸಣ್ಣ ಸಂಸ್ಥೆಗಳಿಗೆ ಬಿಗಿಯೆಂಬ ದೂರು ಸುಳ್ಳಲ್ಲ. ಆದರೆ ಲಾಗನ್ನು ದಿನವೂ ನೋಡದ ಸಂಸ್ಥೆಗೆ ಆರು ತಿಂಗಳ ಗಡುವು ಕೊಟ್ಟರೂ ಅಷ್ಟೇ. ದೋಚಿದ್ದು ಗೊತ್ತಾಗುವುದೇ ಗಿರಾಕಿ ಫೋನು ಮಾಡಿದಾಗ.

ಇಷ್ಟೆಲ್ಲ ತಾಪತ್ರಯ ಒಂದು ಸಣ್ಣ ಅಂಗಡಿಗೆ ಬೇಕೇ ಎಂದು ಕೇಳಿದರೆ, ಬೇಡ ಎಂಬುದೇ ಪ್ರಾಮಾಣಿಕ ಉತ್ತರ. ಫೋನ್ ನಂಬರು, ವಿಳಾಸ, ನಾಲ್ಕು ಫೋಟೊ ತೋರಿಸುವ ಸೈಟಿಗೆ ಸ್ವಂತ ಸರ್ವರ್ ಅನಗತ್ಯ. ಸ್ಥಿರ ಪುಟಗಳನ್ನು ಉಸ್ತುವಾರಿ ಸಹಿತ ಹೋಸ್ಟಿಂಗಿಗೆ ಹಾಕಿದರೆ ತೇಪೆಯ ಚಿಂತೆ ಅವರದು. ಗಿರಾಕಿಗಳ ಮಾಹಿತಿ, ಹಣದ ವ್ಯವಹಾರ ಅಥವಾ ತನ್ನದೇ ತಂತ್ರಾಂಶ ಇರುವ ಕಡೆ ಸ್ವಂತ ಸರ್ವರ್ ಸರಿ. ಆಗ ಅದನ್ನು ನೋಡಿಕೊಳ್ಳುವವರ ಹೆಸರು ಮೊದಲ ದಿನವೇ ಕಾಗದದ ಮೇಲಿರಬೇಕು, ಅವರು ರಜೆ ಹಾಕಿದಾಗ ನೋಡುವವರ ಹೆಸರೂ ಸೇರಿ. ಹೆಸರು ಬರೆಯಲು ಆಗದಿದ್ದರೆ ಸರ್ವರ್ ಕಟ್ಟಬಾರದು. ಮರೆತು ಬಿಡುವವರಿಗೆ ಕಾಲವೂ ಬಿಗಿಯಾಗುತ್ತಿದೆ. 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್, ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರವನ್ನು 90 ದಿನಕ್ಕೆ ಉಚಿತವಾಗಿ ಕೊಡುವ ರೂಢಿ ತಂದು, ನವೀಕರಣವನ್ನು ಯಂತ್ರಕ್ಕೇ ವಹಿಸಿತು. ಅವಧಿ ಮುಗಿಯುತ್ತಿದೆಯೆಂದು ಇಮೇಲ್ ಕಳಿಸುವುದನ್ನು 2025ರ ಜೂನ್‌ನಲ್ಲಿ ನಿಲ್ಲಿಸಿಯೂ ಬಿಟ್ಟಿತು. ಪ್ರಮಾಣಪತ್ರ ಕೊಡುವ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಸೇರಿ 2025ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡ ನಿಯಮದಂತೆ, 2029ರ ಮಾರ್ಚ್ 15ರಿಂದ ಕೊಡುವ ಯಾವ ಸಾರ್ವಜನಿಕ ಜಾಲತಾಣದ ಪ್ರಮಾಣಪತ್ರವೂ 47 ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ.